ತಟ್ಟಿಗೇರಿಗೆ ಬಂದ ವೀರಗಲ್ಲು

ದಾಂಡೇಲಿಯಿಂದ ಹಳಿಯಾಳದ ಕಡೆ ಹೋಗುವ ಬಸ್ಸಿನಲ್ಲಿ ಕೂತು ತಟ್ಟಿಗೇರಿಗೆ ಟಿಕೀಟು ಕೇಳಿದರೆ ಕಂಡಕ್ಟರು ಈಗಲೂ ಒಮ್ಮೆ ಮುಖ ನೋಡುತ್ತಾನೆ. ಹೊಸಬನಾದರೆ "ಅದೂ ಒಂದ ಊರೇನ್ರಿ?" ಎಂದು ಕೇಳಿಯೇ ಬಿಡುತ್ತಾನೆ. ಈ ಮಾತು ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿಹೋಗಿದೆ. ಲಗಮಪ್ಪನ ಕಿವಿ ಮಾತ್ರ ಜಡ್ಡುಗಟ್ಟಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಚೂರು ಮಾಡುವ ಯಂತ್ರದ ಪಕ್ಕ ನಿಂತು ಅರ್ಧ ಕಿವುಡಾದ ಮನುಷ್ಯ ಅವನು. ಆದರೆ ಊರಿನ ಬಗ್ಗೆ ಯಾರಾದರೂ ಕೊಂಕು ನುಡಿದರೆ ಅದು ಅವನಿಗೆ ಸರಿಯಾಗಿ ಕೇಳಿಸುತ್ತಿತ್ತು.

ನನ್ನದು ಅವನ ಎದುರು ಮನೆ. ಅವನ ಕಟ್ಟೆಯ ಮೇಲೆ ನಡೆದದ್ದು ನನ್ನ ಕಟ್ಟೆಗೆ ಕಾಣುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಅಲ್ಲಿ ಇಲ್ಲಿ ಕೇಳಿದ್ದು ಕಡಿಮೆ, ಕಣ್ಣಾರೆ ಕಂಡದ್ದೇ ಹೆಚ್ಚು.

ನಮ್ಮ ಊರೆಂದರೆ ಅರವತ್ತು ಚಿಲ್ಲರೆ ಮನೆ. ಒಂದು ಬದಿಗೆ ಸಾಗವಾನಿ ತೋಪು, ಇನ್ನೊಂದು ಬದಿಗೆ ಭತ್ತದ ಗದ್ದೆ, ನಡುವೆ ಡಾಂಬರು ರಸ್ತೆ. ಪಡುವಣ ಗಾಳಿ ಬೀಸಿದ ದಿನ ಮಿಲ್ಲಿನ ವಾಸನೆ ಇಲ್ಲಿಯವರೆಗೂ ಬರುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಪಗಾರದ ವಾಸನೆ, ಮೂಗು ಮುಚ್ಚಿಕೊಂಡರೆ ಹೊಟ್ಟೆ ತುಂಬುತ್ತಿರಲಿಲ್ಲ. ಮಿಲ್ಲು ಶುರುವಾದ ಹೊಸದರಲ್ಲಿ ಸವದತ್ತಿ, ಬೈಲಹೊಂಗಲ, ಕಲಘಟಗಿ ಕಡೆಯಿಂದ ಬಿದಿರು ಕಡಿಯಲು ಬಂದ ಕೂಲಿಯವರು ಇಲ್ಲಿ ಬಿಡಾರ ಹಾಕಿದರು. ಬಿದಿರಿನ ತಟ್ಟಿಯೇ ಗೋಡೆ, ಮೇಲೆ ಹುಲ್ಲು. ಮಳೆಗಾಲ ಮುಗಿದ ಮೇಲೆ ಹೋಗುವುದೆಂದು ಬಂದವರು ಹೋಗಲಿಲ್ಲ. ತಟ್ಟಿಯ ಜಾಗಕ್ಕೆ ಮಣ್ಣು ಬಂತು, ಮಣ್ಣಿನ ಜಾಗಕ್ಕೆ ಇಟ್ಟಿಗೆ ಬಂತು, ಹೆಸರು ಮಾತ್ರ ತಟ್ಟಿಗೇರಿ ಎಂದೇ ಉಳಿಯಿತು. ಇದಿಷ್ಟೇ ನಮ್ಮ ಇತಿಹಾಸ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹೇಳಿ ಮುಗಿಸಬಹುದು.

ಆ ಬಿಡಾರಕ್ಕೆ ಸೊಸೆಯಾಗಿ ಬಂದ ಮೊದಲ ಹೆಂಗಸು ದುರ್ಗವ್ವ, ಲಗಮಪ್ಪನ ತಾಯಿ. ನಮ್ಮ ಕಡೆ ಮದುಮಗಳು ಊರು ಹೊಗುವಾಗ ಊರ ಮುಂದಿನ ಅಗಸಿಬಾಗಿಲ ಕಲ್ಲಿಗೆ ಕಾಯಿ ಒಡೆದು ಒಳಗೆ ಬರಬೇಕು. ಬಿಡಾರಕ್ಕೆ ಅಗಸಿ ಎಲ್ಲಿಂದ ಬರಬೇಕು? ಗಂಡ ದ್ಯಾಮಪ್ಪ ತಲೆ ಕೆರೆದುಕೊಂಡು ನಿಂತನಂತೆ. ದುರ್ಗವ್ವ ಸುತ್ತ ನೋಡಿದಳು. ರಸ್ತೆ ಬದಿಗೆ ದಾಂಡೇಲಿ ಇಷ್ಟು ದೂರ ಎಂದು ಬರೆದ ಮೈಲುಗಲ್ಲು ಕಂಡಿತು. ಅದಕ್ಕೇ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಅಂದಿನಿಂದ ನಮ್ಮೂರಿಗೆ ಬಂದ ಸೊಸೆಯಂದಿರೆಲ್ಲ ಆ ಮೈಲುಗಲ್ಲಿಗೇ ಕಾಯಿ ಒಡೆದವರು. ರಸ್ತೆ ಅಗಲ ಮಾಡುವಾಗ ಹಳೆಯ ಕಲ್ಲು ಕಿತ್ತು ಹಳದಿ ಬಣ್ಣದ ಹೊಸ ಕಲ್ಲು ನೆಟ್ಟರು. ನಾವು ಹೊಸದಕ್ಕೂ ಕಾಯಿ ಒಡೆದೆವು. ದೇವರೇನು ಬೇಡ ಎನ್ನಲಿಲ್ಲ.

ದೇವರಿಗಿಲ್ಲದ ಆಕ್ಷೇಪಣೆ ನೆರೆ ಊರವರಿಗಿತ್ತು. ಲಗಮಪ್ಪನ ಮಗಳು ಸಹನಾಳ ನಿಶ್ಚಯದ ದಿನ ನಾವೆಲ್ಲ ಬೀಗರ ಮನೆಗೆ ಹೋದಾಗ ಬಡಿಸಲು ನಿಂತ ಯಾರೋ ಒಬ್ಬ ದೊಡ್ಡ ದನಿ ತೆಗೆದು ಕೂಗಿದ: "ಕಿಲೋಮೀಟರ್ ದೇವ್ರ ಒಕ್ಕಲು ಬಂತು, ಎಲಿ ಹಾಕ್ರಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ಮಾತಿನಲ್ಲಿ ಖಾರ ಉಪ್ಪು ಸರಿಯಾಗಿಯೇ ಇತ್ತು. ಲಗಮಪ್ಪ ಎಲೆಯ ಮೇಲಿನ ಹೋಳಿಗೆ ಮುಟ್ಟಲಿಲ್ಲ. ಮಗಳ ಮುಂದೆ, ಹೊಸ ಬೀಗರ ಮುಂದೆ ತನ್ನನ್ನು ನೆಲೆಯಿಲ್ಲದವನೆಂದರಲ್ಲ ಎಂದು ಕೈ ತೊಳೆದು ಎದ್ದ. ಬರುವಾಗ ಬಸ್ಸಿನಲ್ಲಿ ಅಷ್ಟೂ ಜನರಿಗೆ ಕೇಳುವಂತೆ ನನಗೆ ಹೇಳಿದ: "ಊರಂದ ಮ್ಯಾಲ ಒಂದ ಕಲ್ಲರ ಬೇಕೋ. ಕಲ್ಲಿಲ್ಲದವ್ರನ್ನ ಮಂದಿ ಮನಶ್ಯಾರು ಅನ್ನೂದಿಲ್ಲ."

ಕಲ್ಲು ಸಿಕ್ಕಿತು. ನಿವೃತ್ತಿಯಾದ ಮರುವರ್ಷ ಲಗಮಪ್ಪ ಜೊಯಿಡಾ ಕಡೆ ಹಳೆಯ ಜೊತೆಗಾರನೊಬ್ಬನ ಮನೆಯ ವಾಸ್ತುಶಾಂತಿಗೆ ಹೋದ. ಹೋದದ್ದು ಆಸಿಮನ ಜೀಪಿನಲ್ಲಿ. ಆಸಿಮ ದಾಂಡೇಲಿಯ ಮೆಕ್ಯಾನಿಕ ಫಕ್ರುದ್ದೀನನ ಮಗ. ರಿಸಾರ್ಟಿನ ಪ್ರವಾಸಿಗಳನ್ನು ಕಾಡು, ಹೊಳೆ ಎಂದು ಸುತ್ತಿಸುವುದು ಅವನ ಉದ್ಯೋಗ. ವಾಪಸು ಬರುವಾಗ ಕಾನೇವಾಡಾ ಎಂಬ ಪಾಳು ಕೇರಿಯ ಹತ್ತಿರ ಜೀಪು ಬಿಸಿಯಾಗಿ ನಿಂತಿತು. ಅಲ್ಲಿದ್ದ ಕೊಂಕಣಿ ಮಾತಿನ ಕುಟುಂಬಗಳು ಬಹಳ ವರ್ಷದ ಹಿಂದೆಯೇ ಮನೆ ಬಿಟ್ಟು ಅನಮೋಡ ರಸ್ತೆಯ ಕಡೆ ಹೋಗಿ ನೆಲೆಸಿದ್ದವು. ಆಸಿಮ ನೀರು ಹುಡುಕಲು ಹೋದ. ಲಗಮಪ್ಪ ಮೂತ್ರಕ್ಕೆಂದು ಗಿಡಗಳ ಮರೆಗೆ ಹೋದವನು ಅಲ್ಲಿ ಮೊಣಕಾಲೆತ್ತರದ ಕಲ್ಲೊಂದನ್ನು ಕಂಡ. ಅದರ ಮೇಲೆ ಒಬ್ಬ ಮನುಷ್ಯ, ಅವನೆದುರು ಒಂದು ಹುಲಿ.

ಆಸಿಮ ಹಿಂದಿರುಗುವಷ್ಟರಲ್ಲಿ ಲಗಮಪ್ಪ ಕಲ್ಲನ್ನು ಕಿತ್ತು ರಸ್ತೆಗೆ ಉರುಳಿಸಿದ್ದ.

"ಕಾಕಾ, ಯಾರದಿದು?"

"ಯಾರದೂ ಅಲ್ಲ. ಬಿದ್ದಿತ್ತು. ಹೂಂ, ಎತ್ತ ಹಿಡಿ."

ಕಲ್ಲು ಊರಿಗೆ ಬಂದ ಮೇಲೆ ಲಗಮಪ್ಪನ ಕೈಗೆ ಬಿಡುವಿರಲಿಲ್ಲ. ರಸ್ತೆ ಬದಿಗೆ ಕಟ್ಟೆ ಕಟ್ಟಿಸಿದ. ಕಟ್ಟೆಗೆ ಬಿಳಿ ಟೈಲ್ಸು, ಮೇಲೆ ತಗಡಿನ ನೆರಳು. ಮಿಲ್ಲಿನಲ್ಲಿ ದಸರೆಯ ಖಂಡೇಪೂಜೆ ಬಂತೆಂದರೆ ಯಂತ್ರಗಳಿಗೆಲ್ಲ ಹೊಸ ಬಣ್ಣ ಹೊಡೆದೇ ಪೂಜೆ ಮಾಡುವುದು ಪದ್ಧತಿ. ಆ ಕೈ ಸುಮ್ಮನಿರುತ್ತದೆಯೇ? ಹುಲಿಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆದ. ಮನುಷ್ಯನಿಗೆ ಕೆಂಪು ಅಂಗಿ, ಬೆಳ್ಳಿ ಬಣ್ಣದ ಕತ್ತಿ, ಕಿವಿಯವರೆಗೆ ಮೀಸೆ. ಕಲ್ಲಿನಲ್ಲಿ ಕತ್ತಿಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ. "ಒಂದ ನಂಬರ್ ಪೇಂಟ. ಹತ್ತ ವರ್ಷ ಏನೂ ಆಗೂದಿಲ್ಲ," ಎಂದು ಬ್ರಶ್ಶು ಝಾಡಿಸಿದ.

ಕತೆಯನ್ನೂ ಅವನೇ ಕಟ್ಟಿದ. ವೀರ ಲಗಮನಾಯಕನೆಂಬ ಅವನ ಮೂಲಪುರುಷ ನಾಲ್ಕುನೂರು ವರ್ಷದ ಹಿಂದೆ ಒಂಟಿಯಾಗಿ ಬಂದು, ಇಲ್ಲಿ ಹುಲಿ ಕೊಂದು, ಕೊಂದ ಜಾಗದಲ್ಲೇ ತಟ್ಟಿಗೇರಿಯನ್ನು ಕಟ್ಟಿದ. ಆಸಿಮ ಪ್ರವಾಸಿಗಳನ್ನು ಕರೆತಂದು ನಿಲ್ಲಿಸುವನು. ಲಗಮಪ್ಪ ಹೆಗಲ ಮೇಲೆ ಶಾಲು ಹಾಕಿಕೊಂಡು, ಯಂತ್ರದ ಸದ್ದಿನ ಮೇಲೆ ಕೂಗಿದ ಹಾಗೆ ಕೂಗಿ ಹೇಳುವನು. ಜನ ಫೋಟೋ ಹೊಡೆದುಕೊಂಡು, ಪಕ್ಕದಲ್ಲೇ ಎದ್ದ ಹೊಸ ಅಂಗಡಿಯಲ್ಲಿ ಚಹಾ ಕುಡಿದು ಹೋಗುವರು. ನೆರೆ ಊರವರೂ ಬಂದು ನೋಡಿ ಬಾಯಿ ಮುಚ್ಚಿಕೊಂಡರು. ಊರಿನ ಸಭೆಯಲ್ಲಿ ಲಗಮಪ್ಪನಿಗೆ ಮೊದಲ ಖುರ್ಚಿ ಬಂತು. ಕಲ್ಲು ಜೀಪಿನಿಂದ ಇಳಿದದ್ದನ್ನು ನಾವೆಲ್ಲ ನೋಡಿದ್ದೆವು. ಆದರೂ ಆರು ತಿಂಗಳಾಗುವಷ್ಟರಲ್ಲಿ ನಮ್ಮ ಮಕ್ಕಳಿಗೆ ನಾವೇ ಲಗಮನಾಯಕನ ಕತೆ ಹೇಳುತ್ತಿದ್ದೆವು. ನಾಚಿಕೆಗೆಟ್ಟವರಿಗೆ ನೆನಪು ಕಮ್ಮಿ.

ಕತೆ ನಂಬದವಳು ಊರಿನಲ್ಲಿ ಒಬ್ಬಳೇ ಇದ್ದಳು. ದುರ್ಗವ್ವ ಎಂಬತ್ತು ದಾಟಿದ್ದರೂ ದಿನವೂ ಮನೆಯ ಕಟ್ಟೆಯ ಮೇಲೆ ಕೂತು ಬಿದಿರು ಸೀಳಿ ತಟ್ಟಿ ಹೆಣೆಯುತ್ತಿದ್ದಳು. ಯಾರಿಗೂ ಬೇಕೆಂದಲ್ಲ, ಕೈ ಸುಮ್ಮನಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೊದಮೊದಲು ಬಂದ ಪ್ರವಾಸಿಗಳಲ್ಲಿ ಒಬ್ಬ ಹೆಣ್ಣುಮಗಳು ಅವಳ ಪಕ್ಕ ಕೂತು, "ಅಜ್ಜಿ, ನಿಮ್ಮ ಊರು ತುಂಬಾ ಹಳೇದಂತೆ, ಹೌದಾ?" ಎಂದು ಕೇಳಿದಳು.

"ಯಾವಾಕಿ ಹೇಳಿದ್ಲವ್ವಾ? ನಾ ಬಂದಾಗ ಇಲ್ಲಿ ಮಂಗ್ಯಾ ಬಿಟ್ರ ಯಾರೂ ಇದ್ದಿಲ್ಲ. ಈ ಊರಾಗ ಮೊದಲ ಒಲಿ ಹಚ್ಚಿದಾಕಿ ನಾನ."

ಲಗಮಪ್ಪ ಓಡಿ ಬಂದ. "ವಯಸ್ಸಾಗೇತ್ರಿ. ಒಂದಕ್ಕೊಂದ ಹೇಳ್ತಾಳ," ಎಂದು ನಗುತ್ತ ಆ ಹೆಣ್ಣುಮಗಳನ್ನು ಕಲ್ಲಿನ ಕಡೆ ಕರೆದೊಯ್ದ. ಜೀಪು ಹೋದ ಮೇಲೆ ತಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೇಳಿದ: "ಅವ್ವಾ, ಜೀಪ ಬಂದಾಗಷ್ಟ ನೀ ಒಳಗ ಹೋಗಿ ಕುಂದರ."

ದುರ್ಗವ್ವ ಅವನ ಮುಖ ನೋಡಿದಳು. "ಯಾಕಪಾ, ನಾ ಚೊಲೊ ಕಾಣೂದಿಲ್ಲೇನ?"

"ಹಂಗಲ್ಲವ್ವಾ," ಎಂದ. ಅಂದಿನಿಂದ ತಿರುವಿನಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ದುರ್ಗವ್ವ ಬಿದಿರ ಸೀಳುಗಳನ್ನು ಬಾಚಿಕೊಂಡು, ಮೊಣಕಾಲಿಗೆ ಕೈ ಕೊಟ್ಟು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಗಾದೆಯಾಗಿ ಎಷ್ಟೋ ಸಲ ಕೇಳಿದ್ದೇನೆ. ಮನುಷ್ಯರ ಮೇಲೆ ಅದು ನಡೆಯುವುದನ್ನು ಎದುರು ಮನೆಯಿಂದ ದಿನಾ ನೋಡಿದೆ. ನಾನಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಚಹಾದಂಗಡಿಯ ಬಾಡಿಗೆ ನನಗೆ ಬರುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ, ಹೋದ ಮಾಗಿಯಲ್ಲಿ ಗೋದುಬಾಯಿ ಬಂದಳು.

ಅವತ್ತೂ ಪ್ರವಾಸಿಗಳಿದ್ದರು. ಲಗಮಪ್ಪ ಹುಲಿಯ ಕುತ್ತಿಗೆಗೆ ಲಗಮನಾಯಕನ ಕತ್ತಿ ಇಳಿಸುತ್ತಿದ್ದ ಹೊತ್ತಿಗೆ ಬಾಡಿಗೆಯ ಇನ್ನೊಂದು ಜೀಪು ಬಂದು ನಿಂತಿತು. ಮೊಣಕಾಲ ಮೇಲೆ ಸೀರೆ ಕಟ್ಟಿದ ಒಬ್ಬ ಮುದುಕಿ ಇಳಿದಳು. ಜೊತೆಗೆ ಮೊಮ್ಮಗಳು ನಿರ್ಮಲಾ. ಮುದುಕಿ ಜನರ ಹಿಂದೆ ನಿಂತು ಕತೆಯನ್ನು ಪೂರ್ತಿ ಕೇಳಿದಳು. ಮುಗಿದ ಮೇಲೆ ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ, ಕಲ್ಲಿನ ಬುಡ ತಡವಿ, "ಹೊ ಆಮ್ಚೊ ಆಜೊ," ಎಂದಳು. ಇವನು ನಮ್ಮಜ್ಜ ಎಂದು ನಿರ್ಮಲಾ ಕನ್ನಡದಲ್ಲಿ ಹೇಳಿದಳು. ಅಷ್ಟರಲ್ಲಿ ಮುದುಕಿ ಅಜ್ಜನ ಮೀಸೆಯ ಮೇಲೆ ಬೆರಳಾಡಿಸಿ, ಅದು ಉಗುರಿಗೆ ಏಳುತ್ತದೆಯೋ ಎಂದು ಕೆರೆದು ನೋಡುತ್ತಿದ್ದಳು. ಏಳಲಿಲ್ಲ. ಒಂದ ನಂಬರ್ ಪೇಂಟು.

ವಿಷಯ ಇಷ್ಟು: ಕಾನೇವಾಡಾದ ಮನೆಗಳು ಹೋದರೂ ಕಲ್ಲಿನ ಒಕ್ಕಲು ಹೋಗಿರಲಿಲ್ಲ. ಹುಲಿ ತಿಂದ ಅಜ್ಜನ ಕಲ್ಲು ಅದು. ಅವನು ಹುಲಿಯನ್ನು ಕೊಂದವನಲ್ಲ, ತಪ್ಪಿಸಿಕೊಂಡ ಕರುವನ್ನು ಹುಡುಕಿ ಹೋಗಿ ಹುಲಿಗೆ ಸಿಕ್ಕವನು. ಸತ್ತ ಜಾಗದಿಂದ ಕಲ್ಲನ್ನು ಅಲುಗಿಸಬಾರದೆಂದು ಅವರು ಹೊಸ ಊರಿಗೆ ಅದನ್ನು ಒಯ್ದಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ದೀಪ ಹಚ್ಚಿ ಬರುತ್ತಿದ್ದರು. ಮನೆಯಲ್ಲಿ ಮದುವೆಯಾದರೆ ಮೊದಲ ಅರಿಶಿನ ಆ ಕಲ್ಲಿಗೆ. ನಿರ್ಮಲಾಳ ಮದುವೆ ಗೊತ್ತಾಗಿತ್ತು. ಅರಿಶಿನ ಹಚ್ಚಬೇಕೆಂದರೆ ಕಲ್ಲಿನ ಜಾಗದಲ್ಲಿ ನಾಲ್ಕು ವರ್ಷದಿಂದ ಬರೀ ಗುಂಡಿ. ಹಿಂದಿನ ವರ್ಷಗಳಲ್ಲೂ ಹುಡುಕಿ ಅತ್ತು ಬಂದಿದ್ದರು. ಈ ಸಲ ಮದುವೆಯನ್ನೇ ನಿಲ್ಲಿಸಿ ಹುಡುಕುತ್ತಿದ್ದರು. ಕಡೆಗೆ ನಿರ್ಮಲಾಳೇ ಯಾರೋ ಪ್ರವಾಸಿಯ ವಿಡಿಯೋದಲ್ಲಿ ಅಜ್ಜನನ್ನು ಕಂಡಿದ್ದಳು.

"ಏ ಅಮ್ಮಾ, ಇದು ನಮ್ಮ ಮೂಲಪುರುಷರದು. ನಾಕನೂರ ವರ್ಷದಿಂದ ಇಲ್ಲೇ ಐತಿ!" ಎಂದು ಲಗಮಪ್ಪ ಗುಡುಗಿದ. ಸುತ್ತ ನಿಂತ ನಾವೂ ಸುಮ್ಮನಿರಲಿಲ್ಲ. "ಹೌದ್ರಿ, ಇಲ್ಲಿದ ಐತಿ," ಎಂದೆವು. ಒಬ್ಬ ಮುದುಕಿಯ ಎದುರು ಅಷ್ಟು ಗಂಡಸರು ಎದೆಯುಬ್ಬಿಸಿ ನಿಂತದ್ದನ್ನು ನೆನೆದರೆ ಈಗ ಕುತ್ತಿಗೆ ತಾನಾಗಿ ಬಗ್ಗುತ್ತದೆ. ಗೋದುಬಾಯಿ ಜಗಳ ಮಾಡಲಿಲ್ಲ. "ಒಂದ್ ಸಲ ಅರಿಶಿನ ಹಚ್ಚಿ ಹೋಗ್ತೇನಿ, ದಾದಾ. ಅಷ್ಟಾದ್ರೂ ಬಿಡ್ರಿ. ಪೋರಿ ಮದುವಿ ನಿಂತದೆ," ಎಂದು ಕೈ ಮುಗಿದಳು.

ಆಗ ನನ್ನ ಬೆನ್ನ ಹಿಂದೆ ಲಗಮಪ್ಪನ ಮನೆಯ ಬಾಗಿಲ ಅಗಳಿ ತೆಗೆದ ಸದ್ದಾಯಿತು. ಜೀಪುಗಳಿದ್ದರೂ ದುರ್ಗವ್ವ ಹೊರಗೆ ಬಂದಿದ್ದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈಯಲ್ಲಿ ಬಿದಿರ ಸೀಳು.

"ತಂಗಿ, ಅಂವಾ ನಿಮ್ಮಾಂವಾನ. ಒಯ್ಯಿ," ಎಂದಳು. "ನಮ್ಮವರು ಯಾರೂ ಹುಲಿ ಕೊಂದಿಲ್ಲ. ನನ್ನ ಗಂಡ ಹುಲಿ ದನಿ ಕೇಳಿದ್ರ ಕೌದಿ ತುಂಬ ಹೊಚ್ಕೊಂಡ ಮಲಗತಿದ್ದ. ಕೊಡ್ಲಿ ಹಿಡಕೊಂಡ ಹೊಟ್ಟೀಗೆ ಬಂದವ್ರವ್ವಾ ನಾವು. ಇಲ್ಲಿ ನಮ್ದು ಅಂತ ಇದ್ದದ್ದು ಆ ಮೈಲಗಲ್ಲ ಒಂದ."

ಪ್ರವಾಸಿಗಳು ಫೋನು ಕೆಳಗಿಳಿಸಿದರು. ಲಗಮಪ್ಪನ ಮುಖ ಸುಣ್ಣ ಬಳಿದಂತಾಯಿತು. ಅವನ ಆ ಸ್ಥಿತಿ ನೋಡಿ ಕನಿಕರ ಬಂದದ್ದು ನಮ್ಮ ಪೈಕಿ ಯಾರಿಗೂ ಅಲ್ಲ, ಗೋದುಬಾಯಿಗೆ.

"ಇರ್ಲಿ ಬಿಡ್ರಿ ಆಯಿ," ಎಂದಳು ದುರ್ಗವ್ವನಿಗೆ. "ಯಾರಿಗೂ ಬೇಡಾದ ಕಲ್ಲು ಅಂತ ತಿಳದು ತಂದಿರ್ತಾರ. ಬಿಸಲಾಗ ಬಿದ್ದಾಂವನ್ನ ನೆರಳಾಗ ಇಟ್ಟಾರ. ಗೊತ್ತಿಲ್ದ ಮಾಡಿದ್ದು ತಪ್ಪಲ್ಲ."

ನಮಗೆಲ್ಲ ಜೀವ ಬಂದಂತಾಯಿತು. "ಹೌದ್ರಿ ಹೌದ್ರಿ, ಗೊತ್ತಿದ್ದಿಲ್ರಿ," ಎಂದು ನಾಲ್ಕು ಕಡೆಯಿಂದ ಮಾತು ಬಂತು. ಲಗಮಪ್ಪ ತಲೆಯಾಡಿಸಿದ್ದರೆ ಸಾಕಿತ್ತು. ಕಲ್ಲು ಹೋಗುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು, ಸಭೆಯ ಖುರ್ಚಿಯೂ ಅಲ್ಲೇ ಇರುತ್ತಿತ್ತು. ಅವನು ತಾಯಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಸಣ್ಣವನಿದ್ದಾಗ ಏನೋ ಮುರಿದು ಬಂದವನನ್ನು ನೋಡಿದ ಹಾಗೆ.

"ಹಣತಿ ಇತ್ತು," ಎಂದ ಲಗಮಪ್ಪ.

ಅವನು ಮೆಲ್ಲಗೆ ಮಾತಾಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಆಸಿಮ ಹತ್ತಿರ ಬಂದು "ಏನ ಕಾಕಾ?" ಎಂದ.

"ಕಲ್ಲಿನ ಮುಂದ ಹಣತಿ ಇತ್ತು. ಬತ್ತಿಗೆ ಇನ್ನೂ ಎಣ್ಣಿ ಪಸಿ ಇತ್ತು. ಯಾರೋ ಬರ್ತಾರ ಅಂತ ನನಗ ಗೊತ್ತಾತು. ನೀ ನೀರ ತರಾಕ ಹೋಗಿದ್ದಿ. ನಾ ಅದನ್ನ ಕಾಲಿಲೆ ಸರಿಸಿ ಕಲ್ಲ ಕಿತ್ತಿದೆ." ಆಮೇಲೆ ಗೋದುಬಾಯಿಯ ಕಡೆ ತಿರುಗಿ, "ಗೊತ್ತಿದ್ದ ಮಾಡೇನ್ರಿ, ಬಾಯಾರ," ಎಂದ.

ಗೋದುಬಾಯಿ ಕಲ್ಲಿನ ವಿಷಯ ಕೇಳಲಿಲ್ಲ, ಪೋಲೀಸರ ಮಾತೆತ್ತಲಿಲ್ಲ. "ಒಡೀತಾ?" ಎಂದಳು. "ಹಣತಿ?"

"ತಿರುಗಿ ನೋಡ್ಲಿಲ್ರಿ."

"ನನ್ನ ಆವಯ್‌ದು ಅದು," ಎಂದಳು. ತಾಯಿಯದು ಎಂದು. ಅಷ್ಟೇ.

ಕಲ್ಲನ್ನು ನಾವೇ ಎತ್ತಿ ಆಸಿಮನ ಜೀಪಿಗೆ ಹಾಕಿದೆವು. ತಂದ ಜೀಪಿನಲ್ಲೇ ಹಿಂದೆ ಹೋಗಲಿ ಎಂದು ಆಸಿಮನೇ ಹಟ ಹಿಡಿದ. ಬಾಡಿಗೆ ಮಾತಾಡಲಿಲ್ಲ, ಲಗಮಪ್ಪನ ಜೊತೆಗೂ ಮಾತಾಡಲಿಲ್ಲ. ಬಣ್ಣ ತೆಗೆಯುವ ಎಣ್ಣೆ ತರುತ್ತೇನೆಂದು ಲಗಮಪ್ಪ ಗೋಗರೆದರೆ ಗೋದುಬಾಯಿ ಬೇಡವೆಂದಳು. ಎಣ್ಣೆ ಹಾಕಿ ತಿಕ್ಕಿದರೆ ಅಜ್ಜನ ಮುಖವೇ ಹೋದೀತೆಂದು ಅವಳಿಗೆ ಭಯ. ಕೆಂಪು ಅಂಗಿ ತೊಟ್ಟು, ಮೀಸೆ ಹೊತ್ತು, ಕಾನೇವಾಡಾದ ಅಜ್ಜ ಹುಲಿಯ ಸಮೇತ ವಾಪಸು ಹೋದ. ಅಂತೂ ನಿರ್ಮಲಾಳ ಮದುವೆ ಆಯಿತೆಂದು ಆಸಿಮನಿಂದ ತಿಳಿಯಿತು. ನಮ್ಮನ್ನು ಕರೆಯಲಿಲ್ಲ. ಯಾಕೆ ಕರೆಯಬೇಕು?

ಲಗಮಪ್ಪ ಸಭೆಗೆ ಬರುವುದನ್ನು ಬಿಟ್ಟ. ಎರಡು ಮೂರು ಸಲ ಬಸ್ಸು ಹತ್ತಿ ಕಾನೇವಾಡಾಕ್ಕೆ ಹೋಗಿ ಗಿಡಗಂಟಿಗಳಲ್ಲಿ ಹಣತೆ ಹುಡುಕಿದನಂತೆ. ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಬರಿಗೈಯಲ್ಲಿ ಬಂದ. ಇತ್ತ ಟೈಲ್ಸಿನ ಖಾಲಿ ಕಟ್ಟೆಯ ಮೇಲೆ ನಾಯಿ ಮಲಗುತ್ತಿತ್ತು. ಯುಗಾದಿ ಮುಗಿದ ಮೇಲೆ ನಮ್ಮೂರಿಗೆ ಬಂದ ಹೊಸ ಸೊಸೆ ಮತ್ತೆ ಮೈಲುಗಲ್ಲಿಗೆ ಕಾಯಿ ಒಡೆದು ಒಳಗೆ ಬಂದಳು. ದುರ್ಗವ್ವ ಕಟ್ಟೆಯ ಮೇಲೆ ಕೂತೇ ಅಕ್ಕಿಕಾಳು ಹಾಕಿದಳು.

ಇತ್ತೀಚೆಗೆ ಒಂದು ದಿನ ಲಗಮಪ್ಪ ತಾನಾಗಿ ಆಸಿಮನನ್ನು ಕಂಡು ಮಾತಾಡಿಸಿದ್ದನಂತೆ. "ಪ್ರವಾಸದವರನ್ನ ಒಮ್ಮಿ ಕರಕೊಂಡ ಬಾ. ಖರೇ ಇದ್ದದ್ದ ಹೇಳ್ತೇನಿ," ಎಂದಿದ್ದ. ಆಸಿಮ ಒಪ್ಪಲು ಒಂದು ವಾರ ತೆಗೆದುಕೊಂಡ. ಆಮೇಲೆ ಒಂದು ಬೆಳಿಗ್ಗೆ ಏಳೆಂಟು ಜನರನ್ನು ಕರೆತಂದ.

ಲಗಮಪ್ಪ ಶಾಲು ಹಾಕಿಕೊಂಡಿರಲಿಲ್ಲ. ಖಾಲಿ ಕಟ್ಟೆಯ ಪಕ್ಕ ನಿಂತು, ಎಂದಿನಂತೆ ಕೂಗದೆ, ಹೇಳಿದ: "ಇಲ್ಲೊಂದ ಕಲ್ಲ ಇತ್ರಿ. ನಮ್ದಲ್ಲ. ನಾ ಕದ್ದ ತಂದಿದ್ದೆ. ಈ ಊರಿಗೆ ವೀರರು ಯಾರೂ ಇಲ್ಲ. ಬಿದರ ಕಡ್ಯಾಕ ಬಂದ ಮಂದಿ ನಾವು, ತಟ್ಟಿ ಮನ್ಯಾಗ ಹುಟ್ಟಿದವ ನಾನು." ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮಾತು ನಿಲ್ಲಿಸಲಿಲ್ಲ. "ಇಲ್ಲಿ ಮೊದಲ ಒಲಿ ಹಚ್ಚಿದಾಕಿ, ಈ ಊರ ಕಟ್ಟಿದಾಕಿ, ನನ್ನವ್ವ. ಅಲ್ಲೇ ಕುಂತಾಳ, ನೋಡ್ರಿ," ಎಂದು ತಿರುಗಿ ಕೈ ತೋರಿಸಿದ.

ಎಲ್ಲರೂ ತಿರುಗಿ ನೋಡಿದರು. ಮನೆಯ ಕಟ್ಟೆಯ ಮೇಲೆ ಅರ್ಧ ಹೆಣೆದ ತಟ್ಟಿಯೊಂದು ಬಿದ್ದಿತ್ತು. ಬಾಗಿಲು ಹಾಕಿತ್ತು.

ಲಗಮಪ್ಪ ನಡೆದುಹೋಗಿ ಬಾಗಿಲ ಮೇಲೆ ಕೈಯಿಟ್ಟ. "ಅವ್ವಾ," ಎಂದ. "ಹೊರಗ ಬಾರವ್ವಾ."

ಒಳಗಿಂದ ದುರ್ಗವ್ವನ ದನಿ ಬಂತು.

"ಜೀಪ ಹೋತೇನಪಾ?"